ಹೋಟೆಲ್ಲೋ, ಹಾಸ್ಟೆಲ್ಲೋ? ಬಾಗಿಲ ಮೇಲಿನ ಬೋರ್ಡಿನ ತಕರಾರು

ಲಂಡನ್ನಿನ ಸೆಂಟ್ರಲ್ ಲೈನ್ ರೈಲಿನಲ್ಲಿ ಪೂರ್ವದ ಕೊನೆಯ ಸ್ಟೇಷನ್‌ವರೆಗೂ ಕೂತರೆ ಎಪ್ಪಿಂಗ್ ಬರುತ್ತದೆ. ಕಾಡಂಚಿನ ಸಣ್ಣ ಊರು. ಅಲ್ಲಿರುವ 80 ಕೋಣೆಗಳ ಬೆಲ್ ಹೋಟೆಲ್ಲಿನ ಹೆಸರು 2025ರ ಜುಲೈವರೆಗೆ ಸುತ್ತಮುತ್ತಲಿನವರಿಗಷ್ಟೇ ಗೊತ್ತಿತ್ತು. ಸರ್ಕಾರ ಅಲ್ಲಿ ಇರಿಸಿದ್ದ, ಬೇರೆ ದೇಶಗಳಿಂದ ಆಶ್ರಯ (ಅಸೈಲಮ್) ಕೋರಿ ಬಂದವರಲ್ಲೊಬ್ಬನ ಮೇಲೆ ಆ ತಿಂಗಳು ಲೈಂಗಿಕ ದೌರ್ಜನ್ಯದ ಪ್ರಕರಣ ದಾಖಲಾಯಿತು, ಮುಂದೆ ಅಪರಾಧ ಸಾಬೀತೂ ಆಯಿತು. ಹೋಟೆಲ್ಲಿನ ಮುಂದೆ ವಾರಗಟ್ಟಲೆ ಪ್ರತಿಭಟನೆ ನಡೆದು ಬ್ರಿಟನ್ನಿನ ಬೇರೆ ಊರುಗಳಿಗೂ ಹಬ್ಬಿತು. ಟೀವಿಯಲ್ಲಿ ಕಂಡದ್ದು ಬಾವುಟ, ಪೊಲೀಸ್ ವ್ಯಾನು, ಕೂಗಾಟ. ಕೋರ್ಟಿನೊಳಗೆ ನಡೆದ ವಾದದ ಜಾಡೇ ಬೇರೆ. ಅಲ್ಲಿ ಕೇಳಿದ್ದು ಇಷ್ಟು: ಈ ಹೋಟೆಲ್ಲು ಈಗಲೂ ಹೋಟೆಲ್ಲೇ ಹೌದೆ?

ಇಂಗ್ಲೆಂಡಿನಲ್ಲಿ ಕಟ್ಟಡವೊಂದರ ಬಳಕೆ ಗಣನೀಯವಾಗಿ ಬದಲಾದರೆ ಸ್ಥಳೀಯ ಮಂಡಳಿಯ ಪ್ಲಾನಿಂಗ್ ಅನುಮತಿ ಬೇಕು. ಯಾವ ಬಳಕೆ ಯಾವ ವರ್ಗಕ್ಕೆ ಸೇರುತ್ತದೆ ಎನ್ನುವುದಕ್ಕೆ 1987ರ ಆದೇಶವೊಂದಿದೆ. ಅದರ ಪ್ರಕಾರ ಹೋಟೆಲ್, ಬೋರ್ಡಿಂಗ್ ಹೌಸ್, ಗೆಸ್ಟ್ ಹೌಸ್ ಎಲ್ಲ ಸಿ-1 ವರ್ಗ. ಮೊದಲಿಗೆ ಹಾಸ್ಟೆಲ್ ಕೂಡ ಅದೇ ಪಂಕ್ತಿಯಲ್ಲಿ ಕೂತಿತ್ತು. 1994ರಲ್ಲಿ ಅದನ್ನು ಎಬ್ಬಿಸಿ ಕಳಿಸಿದರು. ಅಂದಿನಿಂದ ಹಾಸ್ಟೆಲ್ ಯಾವ ವರ್ಗಕ್ಕೂ ಸೇರದ ಒಂಟಿ.

ಆಶ್ರಯ ಕೋರಿದವರನ್ನು ಇಲ್ಲಿ ಇಡದಂತೆ ತಡೆ ಕೇಳಿ ಕೋರ್ಟಿಗೆ ಹೋದ ಎಪ್ಪಿಂಗ್ ಮಂಡಳಿ ಹಿಡಿದುಕೊಂಡದ್ದು ಇದನ್ನೇ. ಇಲ್ಲಿ ಹೊರಗಿನವರಿಗೆ ಕೋಣೆ ಕೊಡುವುದಿಲ್ಲ, ಒಳಗಿರುವವರು ಬುಕ್ ಮಾಡಿಕೊಂಡು ಬಂದವರಲ್ಲ, ಬಿಲ್ ಕಟ್ಟುವುದು ಸರ್ಕಾರ, ಇರುವುದು ತಿಂಗಳುಗಟ್ಟಲೆ. ಇದು ಹೋಟೆಲ್ ಹೇಗಾದೀತು? ಬಾಲಾಪರಾಧಿಗಳ ಬೋರ್ಸ್ಟಲ್ ಜೈಲು ಎಷ್ಟರ ಮಟ್ಟಿಗೆ ಹೋಟೆಲ್ಲೋ ಇದೂ ಅಷ್ಟೇ ಎಂದು ಮಂಡಳಿಯ ವಕೀಲರು ಹೋಲಿಸಿದರು. ಬೋರ್ಸ್ಟಲ್ ಎನ್ನುವುದು ಕೆಂಟ್ ಪ್ರಾಂತ್ಯದ ಒಂದು ಹಳ್ಳಿ. ಅಲ್ಲಿ ಅಂಥ ಮೊದಲ ಜೈಲು ಶುರುವಾದದ್ದಕ್ಕೆ ಊರಿನ ಹೆಸರೇ ಜೈಲಿನ ಹೆಸರಾಯಿತು. ಕಟ್ಟಡದ ಅರ್ಥದ ಬಗ್ಗೆ ವಾದ ಮಾಡಲು ಅರ್ಥ ಕೆಟ್ಟ ಇನ್ನೊಂದು ಕಟ್ಟಡವನ್ನೇ ಸಾಕ್ಷಿಗೆ ಕರೆದಂತಾಯಿತು. ಮಾಲೀಕರ ಕಡೆಯವರು ಹೇಳಿದ್ದು, 2020ರಿಂದಲೂ ಆಗಾಗ ಇಂಥವರನ್ನು ಇಟ್ಟುಕೊಂಡಿದ್ದೇವೆ, ಆಗೆಲ್ಲ ಮಂಡಳಿ ಸುಮ್ಮನಿತ್ತಲ್ಲ ಎಂದು. ಆಗಸ್ಟ್ 19ರಂದು ಹೈಕೋರ್ಟು ಮಧ್ಯಂತರ ತಡೆ ಕೊಟ್ಟಿತು. ಹತ್ತೇ ದಿನಕ್ಕೆ ಮೇಲ್ಮನವಿ ಕೋರ್ಟು ಅದನ್ನು ತೆರವು ಮಾಡಿತು. ನವೆಂಬರಿನಲ್ಲಿ ಹೈಕೋರ್ಟು ಶಾಶ್ವತ ತಡೆಯನ್ನೂ ನಿರಾಕರಿಸಿತು. 2022ರಲ್ಲಿ ಇಪ್ಸ್‌ವಿಚ್ ಊರಿನ ಪ್ರಕರಣದಲ್ಲೂ ನ್ಯಾಯಾಧೀಶರು ಹೋಟೆಲ್ಲಿಗೂ ಹಾಸ್ಟೆಲ್ಲಿಗೂ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕಿದ್ದರು.

ತಮಾಷೆ ಏನೆಂದರೆ, ಆ ಗೆರೆ ಮೂಲದಲ್ಲಿ ಇರಲೇ ಇಲ್ಲ. ಎರಡೂ ಒಂದೇ ಪದ.

ಲ್ಯಾಟಿನ್ನಿನಲ್ಲಿ 'ಹಾಸ್ಪೆಸ್' ಎಂದರೆ ಅತಿಥಿ. ಅತಿಥಿಯನ್ನು ಬರಮಾಡಿಕೊಳ್ಳುವವನೂ ಹಾಸ್ಪೆಸ್ಸೇ. ಕೊಡುವವನಿಗೂ ಪಡೆಯುವವನಿಗೂ ಒಂದೇ ಹೆಸರು. ಅದರಿಂದ ಹುಟ್ಟಿದ 'ಹಾಸ್ಪಿಟಾಲೆ' ಎಂದರೆ ಅತಿಥಿಗಳ ಜಾಗ. ಇದು ಹಳೇ ಫ್ರೆಂಚಿನಲ್ಲಿ 'ಹೊಸ್ತೆಲ್' ಆಗಿ ಇಂಗ್ಲಿಷಿಗೆ ಹಾಸ್ಟೆಲ್ ಎಂದು ಬಂತು. ಫ್ರೆಂಚರು ಕಾಲಕ್ರಮದಲ್ಲಿ ನಡುವಿನ 'ಸ' ನುಂಗಿ ಅಕ್ಷರದ ತಲೆ ಮೇಲೊಂದು ಟೋಪಿ ಇಟ್ಟರು, ಅದು 'ಹೋಟೆಲ್' ಆಯಿತು. ಶತಮಾನಗಳ ನಂತರ ಇಂಗ್ಲಿಷರು ಅದೇ ಪದವನ್ನು ಎರಡನೇ ಸಲ ತರಿಸಿಕೊಂಡರು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಹಡಗಿನಲ್ಲಿ ಬಂದಿಳಿದ ಹಾಗೆ.

ಫ್ರಾನ್ಸಿನಲ್ಲಿ ಹೋಟೆಲ್ ಎಂದರೆ ಶ್ರೀಮಂತರ ದೊಡ್ಡ ಪಟ್ಟಣಮನೆ. ಪ್ಯಾರಿಸ್ಸಿನ ನಗರಸಭೆ ಇವತ್ತಿಗೂ 'ಒತೆಲ್ ದ ವೀಲ್', ಅಲ್ಲಿನ ಬಹು ಹಳೆಯ ಆಸ್ಪತ್ರೆ 'ಒತೆಲ್ ದ್ಯೂ', ಅಂದರೆ ದೇವರ ಹೋಟೆಲ್. 18ನೇ ಶತಮಾನದಲ್ಲಿ ಲಂಡನ್ನಿನ ಅನುಕೂಲಸ್ಥರಿಗೆ ಕುದುರೆಗಾಡಿ ನಿಲ್ಲುವ 'ಇನ್' ಎಂಬ ತಂಗುದಾಣಗಳು ಸಾಲದಾದವು. ಸ್ವಲ್ಪ ನಾಜೂಕಾದ ವಸತಿಗೆ ನಾಜೂಕಾದ ಫ್ರೆಂಚ್ ಹೆಸರು ಬೇಕಾಯಿತು, ಹೋಟೆಲ್ ಮೇಲೇರಿತು. ಹಾಸ್ಟೆಲ್ ಎಂಬ ಹಳೇ ಪದ ಬಹುಕಾಲ ಮೂಲೆಗೆ ಬಿದ್ದಿದ್ದು, 19ನೇ ಶತಮಾನದಲ್ಲಿ ಧೂಳು ಕೊಡವಿಕೊಂಡು ಎದ್ದಿತು. ಮೊದಲು ವಿದ್ಯಾರ್ಥಿಗಳಿಗೆ, ಆಮೇಲೆ ಚೀಲ ಹೊತ್ತು ತಿರುಗುವ ಹುಡುಗರಿಗೆ, ಕೊನೆಗೆ ಸೂರಿಲ್ಲದವರಿಗೆ. ಒಂದು ಮೆಟ್ಟಿಲು ಹತ್ತಿತು, ಇನ್ನೊಂದು ಇಳಿಯಿತು. 1994ರ ತಿದ್ದುಪಡಿ ಬರೆದವರು ಈ ಪಾಲುಪಟ್ಟಿಗೆ ಮೊಹರು ಹಾಕಿದರು ಅಷ್ಟೆ.

ನಮ್ಮಲ್ಲಿ ಹೋಟೆಲ್ ಹಿಡಿದ ದಾರಿಯೇ ಬೇರೆ. ಮಲಗುವುದನ್ನು ಬಿಟ್ಟು ತಿನ್ನುವುದನ್ನು ಇಟ್ಟುಕೊಂಡಿತು. ಉಡುಪಿ ಹೋಟೆಲ್ಲಿನಲ್ಲಿ ಯಾರೂ ಹಾಸಿಗೆ ಕೇಳುವುದಿಲ್ಲ, ಮಿಲಿಟರಿ ಹೋಟೆಲ್ಲಿನಲ್ಲಂತೂ ಕೂರಲು ಬೆಂಚು ಸಿಕ್ಕರೆ ಪುಣ್ಯ. ಮಲಗುವುದಕ್ಕೆ ಲಾಡ್ಜು. ಈ ಅರ್ಥ ನನ್ನ ರಕ್ತದಲ್ಲಿ ಎಷ್ಟು ಇಳಿದಿತ್ತೆಂದರೆ, ಮೊದಲ ಸಲ ಲಂಡನ್ನಿಗೆ ಹೋದಾಗ ಪ್ಯಾಡಿಂಗ್ಟನ್ ಸ್ಟೇಷನ್ನಿನ ಹತ್ತಿರ ಸಾಲಾಗಿ ಹೋಟೆಲ್ ಬೋರ್ಡುಗಳನ್ನು ನೋಡಿ, ಪರವಾಗಿಲ್ಲ, ಊಟಕ್ಕೆ ತೊಂದರೆಯಿಲ್ಲದ ಬೀದಿ ಎಂದುಕೊಂಡು ಒಂದರೊಳಗೆ ನುಗ್ಗಿದೆ. ತಿನ್ನಲು ಏನಿದೆ ಎಂದು ಕೇಳಿದ್ದಕ್ಕೆ ಕೌಂಟರಿನಾಕೆ ಬುಕಿಂಗ್ ನಂಬರ್ ಕೇಳಿದಳು. ಕೋಣೆಯಲ್ಲಿ ಕೆಟಲ್ ಇದೆ, ಎರಡು ಬಿಸ್ಕತ್ತೂ ಇರುತ್ತದೆ ಎಂದಳು. ಹೋಟೆಲ್ಲಿನೊಳಗೆ ನಿಂತು ಹಸಿದುಕೊಂಡಿದ್ದ ಕನ್ನಡಿಗ ನಾನೊಬ್ಬನೇ ಇರಲಿಕ್ಕಿಲ್ಲ.

ಇದೇ ಸಂಸಾರದ ಹಿರಿಯಕ್ಕ ಹಾಸ್ಪಿಟಲ್. ನಮ್ಮ ಆಸ್ಪತ್ರೆಯೂ ಅದರ ಕೂಸೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಸ್ಪಿಟಲ್ಲಿಗೆ ಹೋಗಲು ಕಾಯಿಲೆ ಇರಲೇಬೇಕೆಂದಿರಲಿಲ್ಲ. ಯಾತ್ರಿಕರು, ಮುದುಕರು, ಕುಷ್ಠರೋಗಿಗಳು, ದಾರಿ ತಪ್ಪಿದವರು, ಎಲ್ಲರಿಗೂ ಅಲ್ಲಿ ಜಾಗ. ನಡೆಸುತ್ತಿದ್ದುದು ಮಠದವರು. ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ 1123ರಲ್ಲಿ ಶುರುವಾದದ್ದು ಹಾಗೆಯೇ. 1530ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇಂಥ ಎಷ್ಟೋ ಮನೆಗಳು ಅವುಗಳ ಜೊತೆಗೇ ಹೋದವು. ಹಳೇ ಅರ್ಥ ಅಲ್ಲಲ್ಲಿ ಪಳೆಯುಳಿಕೆಯಾಗಿ ನಿಂತಿದೆ. 1552ರಲ್ಲಿ ಬಡ ಮಕ್ಕಳಿಗಾಗಿ ಹುಟ್ಟಿದ ಕ್ರೈಸ್ಟ್ಸ್ ಹಾಸ್ಪಿಟಲ್ ಇಂದಿಗೂ ಒಂದು ಶಾಲೆ. ಚೆಲ್ಸೀಯ ರಾಯಲ್ ಹಾಸ್ಪಿಟಲ್ಲಿನಲ್ಲಿ ಕೆಂಪು ಕೋಟು ತೊಟ್ಟು ಓಡಾಡುವವರು ರೋಗಿಗಳಲ್ಲ, ನಿವೃತ್ತ ಸೈನಿಕರು. 18ನೇ ಶತಮಾನದಲ್ಲಿ ದಾನದ ಹಣದ ಹೊಸ ಆಸ್ಪತ್ರೆಗಳು ಬಂದವು. ಬೇಗ ಗುಣವಾಗುವವರನ್ನು ಮಾತ್ರ ಸೇರಿಸಿಕೊಳ್ಳುವುದು ಅಲ್ಲಿ ಸಾಮಾನ್ಯ ರೂಢಿ. ದಾನಿಗಳಿಗೆ ತೋರಿಸಲು ಲೆಕ್ಕ ಬೇಕಲ್ಲ. ಹಾಗೆ ಹಾಸ್ಪಿಟಲ್ ಎಂದರೆ ರೋಗಿಯ ಜಾಗ ಎಂದು ಗಟ್ಟಿಯಾಗುತ್ತ ಹೋಯಿತು. ಬರೀ ಬಡವ, ಬರೀ ಮುದುಕ ಬೇರೆ ಬಾಗಿಲು ಹುಡುಕಬೇಕಾಯಿತು.

ನಮ್ಮ ಛತ್ರದ ಕಥೆ ಇದಕ್ಕೆ ಒಡಹುಟ್ಟಿದಂತಿದೆ. ಬೆಂಗಳೂರಿನ ರೈಲ್ವೆ ಸ್ಟೇಷನ್ನಿನ ಎದುರು ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಾಗಿಲು ತೆರೆದದ್ದು ದಾರಿಹೋಕರಿಗೂ ವಿದ್ಯಾರ್ಥಿಗಳಿಗೂ. ಇವತ್ತು ಬೆಂಗಳೂರಿನಲ್ಲಿ ಛತ್ರ ಎಂದರೆ ಮದುವೆ. ಚಾವಡಿ ಎಂಬ ನಮ್ಮದೇ ಪದವನ್ನು ಕಂಪನಿ ಕಾಲದ ಇಂಗ್ಲಿಷರು ಚೌಲ್ಟ್ರಿ ಮಾಡಿಕೊಂಡಿದ್ದರು. ಅದು ಕೋಟು ಹಾಕಿಕೊಂಡು ವಾಪಸು ಬಂದು ದಿನದ ಬಾಡಿಗೆ ಲಕ್ಷದ ಲೆಕ್ಕದಲ್ಲಿ ಹೇಳುತ್ತಿದೆ. ಬಸ್ಸು ತಪ್ಪಿತು, ರಾತ್ರಿ ಮಲಗಲು ಜಾಗ ಕೊಡಿ ಎಂದು ಈಗ ಚೌಲ್ಟ್ರಿಗೆ ಹೋಗಿ ಕೇಳಿ ನೋಡಿ, ವಾಚ್‌ಮನ್ ನಿಮ್ಮನ್ನು ನೋಡುವ ನೋಟದಲ್ಲೇ ಪದದ ಅರ್ಥ ಎಷ್ಟು ದೂರ ಬಂದಿದೆ ಎಂದು ತಿಳಿಯುತ್ತದೆ.

'ಅಸೈಲಮ್' ಇವೆಲ್ಲಕ್ಕಿಂತ ವಕ್ರ ದಾರಿಯದು. ಗ್ರೀಕಿನಲ್ಲಿ ಅದಕ್ಕೆ ಯಾರೂ ಕೈಹಾಕಿ ಹಿಡಿಯಲಾಗದ ಜಾಗ ಎಂಬ ಅರ್ಥ. ದೇಗುಲದ ಆವರಣಕ್ಕೆ ಕಾಲಿಟ್ಟವನನ್ನು ಎಳೆದೊಯ್ಯುವಂತಿರಲಿಲ್ಲ. ಈ ರಕ್ಷಣೆಯ ಭಾವವನ್ನು ಇಟ್ಟುಕೊಂಡೇ 19ನೇ ಶತಮಾನದ ಇಂಗ್ಲೆಂಡು ಮಾನಸಿಕ ಅಸ್ವಸ್ಥರ ಮನೆಗಳಿಗೆ ಆ ಹೆಸರಿಟ್ಟಿತು. 1845ರ ಕಾನೂನು ಪ್ರತಿ ಕೌಂಟಿಯೂ ಒಂದನ್ನು ಕಟ್ಟಲೇಬೇಕೆಂದಿತು. ಒಳಗೆ ಬಂದವನನ್ನು ಹೊರಗಿನವರು ಹಿಡಿಯಬಾರದು ಎಂಬ ಅರ್ಥ ತಿರುಗಿ, ಒಳಗಿರುವವನು ಹೊರಗೆ ಹೋಗಬಾರದು ಎಂದಾಯಿತು. ಗೋಡೆ ಅದೇ, ಬೀಗ ಯಾವ ಕಡೆಯಿಂದ ಎನ್ನುವುದು ಬದಲಾಯಿತು. ಕೊನೆಗೆ ಪದ ಎಷ್ಟು ಮೈಲಿಗೆಯಾಯಿತೆಂದರೆ 1930ರ ಕಾನೂನಿನಲ್ಲಿ ಬ್ರಿಟನ್ ಅಸೈಲಮ್ ತೆಗೆದು ಮೆಂಟಲ್ ಹಾಸ್ಪಿಟಲ್ ಎಂದು ಬರೆಯಿತು. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಐದು ವರ್ಷ ಮುಂದಿತ್ತು ಎನ್ನುವುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಬೆಂಗಳೂರಿನ ಲೂನಾಟಿಕ್ ಅಸೈಲಮ್ 1925ರಲ್ಲೇ ಮೆಂಟಲ್ ಹಾಸ್ಪಿಟಲ್ ಆಗಿತ್ತು. ಅದರ ವಾರಸುದಾರ ಸಂಸ್ಥೆಯೇ 1974ರ ನಿಮ್ಹಾನ್ಸ್. ಬೈಗುಳ ಮಾತ್ರ ಬೋರ್ಡಿನ ಹಿಂದೆಯೇ ನಡೆದುಬಂತು. ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಎಂದು ಕನ್ನಡದಲ್ಲಿ ತಮಾಷೆಗೆ ಹೇಳುವವರಿಗೆ ಅದು ಆರೇಳು ಇಂಗ್ಲಿಷ್ ಪದಗಳ ಮೊದಲಕ್ಷರ ಎಂಬುದು ನೆನಪೂ ಇರುವುದಿಲ್ಲ.

ಉತ್ತರ ಲಂಡನ್ನಿನ ಕೋಲ್ನಿ ಹ್ಯಾಚ್ ಅಸೈಲಮ್ 1851ರಲ್ಲಿ ತೆರೆಯಿತು. ಆಮೇಲೆ ಅದು ಮೆಂಟಲ್ ಹಾಸ್ಪಿಟಲ್, ಆಮೇಲೆ ಫ್ರಯರ್ನ್ ಹಾಸ್ಪಿಟಲ್. 1993ರಲ್ಲಿ ಮುಚ್ಚಿತು. ಈಗ ಅದೇ ಗೋಡೆಗಳೊಳಗೆ ಐಷಾರಾಮಿ ಫ್ಲ್ಯಾಟುಗಳಿವೆ, ಹೆಸರು ಪ್ರಿನ್ಸೆಸ್ ಪಾರ್ಕ್ ಮ್ಯಾನರ್. ಇತ್ತ ಆಸ್ಪತ್ರೆ ಕಳಚಿಟ್ಟ ಅಸೈಲಮ್ ಎಂಬ ಪದ ತನ್ನ ಗ್ರೀಕ್ ಅರ್ಥಕ್ಕೆ ಮರಳಿ ದೇಶ ಬಿಟ್ಟು ಬಂದವರ ಬೆನ್ನಿಗೆ ನಿಂತಿತು. 'ಅಸೈಲಮ್ ಹೋಟೆಲ್' ಎಂಬ ಜೋಡಿಪದ ಈಗ ಬ್ರಿಟನ್ನಿನ ಪತ್ರಿಕೆಗಳಲ್ಲಿ ದಿನನಿತ್ಯದ ಮಾತು. 2023ರ ಸೆಪ್ಟೆಂಬರಿನಲ್ಲಿ ಇಂಥ ಹೋಟೆಲ್ಲುಗಳಲ್ಲಿ 56,000 ಜನ ಇದ್ದರು, 2025ರ ಜೂನ್ ಕೊನೆಗೆ ಸುಮಾರು 32,000. ಊಟ ಅಲ್ಲೇ ಸಿಗುತ್ತದೆಂದು ಅವರ ಕೈಗೆ ಕೊಡುವ ಭತ್ಯೆ ವಾರಕ್ಕೆ ಹತ್ತು ಪೌಂಡಿಗೂ ಕಡಿಮೆ. ಬಹುತೇಕರಿಗೆ ದುಡಿಯಲು ಅನುಮತಿಯಿಲ್ಲ. ಆದರೆ 'ಹೋಟೆಲ್' ಎಂಬ ಪದ ಹೊರಗೆ ನಿಂತವನ ಕಣ್ಣಿಗೆ ಸ್ಪ್ರಿಂಗ್ ಹಾಸಿಗೆ, ಈಜುಕೊಳ, ರೂಮ್ ಸರ್ವಿಸ್ ಕಾಣಿಸುತ್ತದೆ. ನಮ್ಮ ತೆರಿಗೆಯಲ್ಲಿ ಅವರು ಹೋಟೆಲ್ಲಿನಲ್ಲಿದ್ದಾರೆ ಎಂಬ ಒಂದೇ ವಾಕ್ಯದಲ್ಲಿ ಅರ್ಧ ಸಿಟ್ಟು ಆ ಪದದ್ದೇ. ಅದೇ ಕಟ್ಟಡವನ್ನು ಮೊದಲ ದಿನದಿಂದ ಹಾಸ್ಟೆಲ್ ಎಂದು ಕರೆದಿದ್ದರೆ ಪ್ರತಿಭಟನೆ ನಡೆಯುತ್ತಲೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಭಯವೂ ನಿಜ, ದ್ವೇಷವೂ ನಿಜ. ಆದರೆ ಘೋಷಣೆಯ ಧಾಟಿ ಬೇರೆ ಇರುತ್ತಿತ್ತು.

ಹೆಸರು ಬದಲಿಸಿದರೆ ಕಳಂಕ ಹೋಗುತ್ತದೆಯೇ? ಇಂಗ್ಲಿಷರು ಇದನ್ನು ಒಮ್ಮೆ ಶ್ರದ್ಧೆಯಿಂದ ಪ್ರಯತ್ನಿಸಿ ನೋಡಿದ್ದಾರೆ. 1834ರ ಬಡವರ ಕಾನೂನು, ಗತಿಯಿಲ್ಲದವರಿಗೆ ದುಡಿಮೆಯ ಬದಲಿಗೆ ಊಟ, ಸೂರು ಕೊಡುವ 'ವರ್ಕ್‌ಹೌಸ್' ವ್ಯವಸ್ಥೆಯನ್ನು ಇಡೀ ಇಂಗ್ಲೆಂಡಿಗೆ ಬಿಗಿ ಮಾಡಿತು. ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತಲೂ ಒಳಗಿನ ಬದುಕು ಕೀಳಾಗಿರಬೇಕು ಎನ್ನುವುದು ಅದರ ಘೋಷಿತ ತತ್ವ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ, ಎಲ್ಲರಿಗೂ ಸಮವಸ್ತ್ರ. ಚಾರ್ಲಿ ಚಾಪ್ಲಿನ್ ಏಳು ವರ್ಷದ ಹುಡುಗನಾಗಿ 1896ರಲ್ಲಿ ಲ್ಯಾಂಬೆತ್ ವರ್ಕ್‌ಹೌಸ್ ಸೇರಿದ್ದ. ಅದರ ಉಳಿದ ಒಂದು ಭಾಗದಲ್ಲಿ ಈಗ ಇರುವುದು ಸಿನಿಮಾ ಮ್ಯೂಸಿಯಂ!

ಅಲ್ಲಿ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಸ್ಥಳ ಎಂಬ ಕಡೆ ವರ್ಕ್‌ಹೌಸ್ ಎಂದಿದ್ದರೆ ಆಜೀವ ಅವಮಾನ. ಕೆಲಸಕ್ಕೆ, ಮದುವೆಗೆ, ಎಲ್ಲಿಗೆ ಹೋದರೂ ಆ ಕಾಗದ. ಆದ್ದರಿಂದ 1904ರಲ್ಲಿ ನೋಂದಣಿಯ ಮುಖ್ಯಾಧಿಕಾರಿಯಿಂದ ಸೂಚನೆ ಹೊರಟಿತು, ಬೀದಿಯ ವಿಳಾಸ ಮಾತ್ರ ಬರೆಯಿರಿ ಎಂದು. ಲಿವರ್‌ಪೂಲ್ ವರ್ಕ್‌ಹೌಸಿನ ಕೂಸುಗಳೆಲ್ಲ '144ಎ, ಬ್ರೌನ್ಲೋ ಹಿಲ್' ಎಂಬಲ್ಲಿ ಹುಟ್ಟತೊಡಗಿದವು. ಸಾವಿರಾರು ಜನರಿದ್ದ ಆ ದೈತ್ಯ ಕಟ್ಟಡ ಕಾಗದದ ಮೇಲೆ ಯಾವುದೋ ಪುಟ್ಟ ಹಿತ್ತಿಲ ಮನೆಯಂತೆ ಕಾಣುತ್ತದೆ. ಆ 'ಎ' ಅಕ್ಷರವನ್ನು ಯೋಚಿಸಿ ಸೇರಿಸಿದ ಗುಮಾಸ್ತನ ಕಲ್ಪನಾಶಕ್ತಿಗೆ ನಾನಂತೂ ತಲೆಬಾಗುತ್ತೇನೆ. ಸಮಸ್ಯೆ ಎಂದರೆ ಒಂದೇ ಮನೆಯಲ್ಲಿ ಇಷ್ಟೊಂದು ಮಕ್ಕಳು ಹುಟ್ಟುವುದನ್ನು ಊರಿನವರು ಗಮನಿಸದೆ ಇರುತ್ತಾರೆಯೇ?

1913ರಲ್ಲಿ ಸರ್ಕಾರಿ ಕಾಗದಗಳಲ್ಲಿ ವರ್ಕ್‌ಹೌಸ್ ಹೋಗಿ 'ಪೂರ್ ಲಾ ಇನ್‌ಸ್ಟಿಟ್ಯೂಷನ್' ಬಂತು, 1930ರಲ್ಲಿ 'ಪಬ್ಲಿಕ್ ಅಸಿಸ್ಟೆನ್ಸ್ ಇನ್‌ಸ್ಟಿಟ್ಯೂಷನ್'. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಹುಟ್ಟಿದಾಗ ಅವುಗಳಲ್ಲಿ ಬಹಳಷ್ಟು ಆಸ್ಪತ್ರೆಗಳಾದವು. ಚಿಕಿತ್ಸೆ ಉಚಿತ, ದಾದಿಯರು ಹೊಸಬರು, ಬೋರ್ಡು ಹೊಸದು. ಆದರೂ ದಶಕಗಳವರೆಗೆ ವಯಸ್ಸಾದವರು ಆ ಆಸ್ಪತ್ರೆ ಮಾತ್ರ ಬೇಡ ಎಂದು ಹಟ ಹಿಡಿಯುತ್ತಿದ್ದರು. ಅವರ ಬಾಯಲ್ಲಿ ಅದು ವರ್ಕ್‌ಹೌಸೇ. ಹುಳಿ ಹಿಡಿದ ಮಡಕೆಗೆ ಹೊಸ ಹಾಲು ಸುರಿದರೆ ಮಡಕೆ ಸಿಹಿಯಾಗುವುದಿಲ್ಲ, ಹಾಲು ಒಡೆಯುತ್ತದೆ. ಹೆಸರು ಹಾಳಾಗುವುದು ಒಳಗಿರುವವರನ್ನು ನಡೆಸಿಕೊಳ್ಳುವ ರೀತಿಯಿಂದ. ಕಟ್ಟಡದ ಹೆಸರು ಗೋಡೆಯ ಬಗ್ಗೆ ಏನೂ ಹೇಳುವುದಿಲ್ಲ; ಯಾರು, ಯಾವ ಷರತ್ತಿನ ಮೇಲೆ ಒಳಗಿರಬಹುದು ಎಂದು ಹೇಳುತ್ತದೆ. ಷರತ್ತು ಬದಲಾದ ದಿನ ಅರ್ಥ ಬದಲಾಗುತ್ತದೆ, ಬೋರ್ಡು ಬದಲಾಗಲಿ ಬಿಡಲಿ.

ನಮ್ಮ ಕೋರ್ಟುಗಳೂ ಇದೇ ಕೆಸರಿನಲ್ಲಿ ಕಾಲಿಟ್ಟಿವೆ, ಅದೂ ಬೆಂಗಳೂರಿನಲ್ಲಿ. ಇಂಗ್ಲಿಷಿನಲ್ಲಿ ಪೇಯಿಂಗ್ ಗೆಸ್ಟ್ ಎಂದರೆ ದುಡ್ಡು ಕೊಟ್ಟು ಮನೆಯಲ್ಲಿ ಉಳಿಯುವ ಮನುಷ್ಯ. ಬೆಂಗಳೂರಿನಲ್ಲಿ ಪಿಜಿ ಎಂದರೆ ಕಟ್ಟಡ. ಮಗ ಪಿಜಿಯಲ್ಲಿದ್ದಾನೆ, ಪಿಜಿಯಲ್ಲಿ ನೀರು ಬರ್ತಿಲ್ಲ, ಪಿಜಿ ಊಟ ಸರಿಯಿಲ್ಲ. ಅತಿಥಿಯೇ ಮನೆಯಾಗಿಬಿಟ್ಟಿದ್ದಾನೆ, ಹಾಸ್ಪೆಸ್ ಎಂದು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದ ಲ್ಯಾಟಿನ್ನಿಗಿಂತ ಒಂದು ಹೆಜ್ಜೆ ಮುಂದೆ. ಇದು ವಾಸದ ಮನೆಯೋ ವ್ಯಾಪಾರವೋ ಎಂಬುದು ತೆರಿಗೆಯವರ ಪ್ರಶ್ನೆ. ವಾಸಕ್ಕೆಂದು ಮನೆ ಬಾಡಿಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇತ್ತು. ಬೆಂಗಳೂರಿನ 42 ಕೋಣೆಗಳ ಕಟ್ಟಡವೊಂದನ್ನು ಕಂಪನಿಯೊಂದು ಗುತ್ತಿಗೆಗೆ ಹಿಡಿದು ವಿದ್ಯಾರ್ಥಿಗಳಿಗೂ ನೌಕರಿಯವರಿಗೂ ಬಾಡಿಗೆಗೆ ಕೊಟ್ಟಿತ್ತು. 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟು ನಿಘಂಟು ತೆರೆದು ಮನೆ, ವಾಸ ಎಂಬ ಪದಗಳ ಅರ್ಥ ನೋಡಿ, ಹಾಸ್ಟೆಲ್ಲೂ ವಾಸದ ಮನೆಯೇ ಎಂದಿತು. ಮರು ವರ್ಷ ಬೆಂಗಳೂರಿನಲ್ಲೇ ಜಿಎಸ್‌ಟಿಯ ಮುಂಗಡ ತೀರ್ಪಿನ ಪ್ರಾಧಿಕಾರ ಇನ್ನೊಂದು ಪಿಜಿ ಸಂಸ್ಥೆಯ ಪ್ರಕರಣದಲ್ಲಿ ಅಲ್ಲ ಎಂದಿತು, ತೆರಿಗೆ ಶೇ 12. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ನಿಘಂಟಿನ ಗೊಡವೆ ಬಿಟ್ಟು ಲೆಕ್ಕ ಹಿಡಿಯಿತು: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರಬಾರದು, ಸತತ 90 ದಿನವಾದರೂ ಇರಬೇಕು, ಆಗ ವಿನಾಯಿತಿ. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು.

ತಿಥಿ ಹೇಳದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಪದ ಬಿಡಿಸುತ್ತಿದ್ದರು. ಸರ್ಕಾರ ಈಗ ತಿಥಿ ಗೊತ್ತು ಮಾಡಿದೆ, 90ನೆಯ ದಿನ. 89ರವರೆಗೆ ಗಿರಾಕಿ, ಆಮೇಲೆ ಮನೆಯವನು. ನಗು ಬಂದರೂ, ಎಪ್ಪಿಂಗ್‌ನಲ್ಲಿ ತಿಂಗಳುಗಟ್ಟಲೆ ಸುತ್ತಾಡಿದ ವಾದಕ್ಕಿಂತ ಇದು ಪ್ರಾಮಾಣಿಕ ಎನಿಸುತ್ತದೆ. ಪದದೊಳಗೆ ಗೆರೆ ಹುಡುಕುವ ಬದಲು ಕ್ಯಾಲೆಂಡರಿನ ಮೇಲೆ ಎಳೆದುಬಿಟ್ಟರು. ಅಷ್ಟರಲ್ಲಿ ಪಿಜಿ ಮಾಲೀಕರು ಇನ್ನೊಂದು ಹೆಸರು ಹುಡುಕಿಕೊಂಡಾಗಿದೆ, 'ಕೋ-ಲಿವಿಂಗ್'. ಎರಡು ಮಂಚದ ನಡುವೆ ಬಕೆಟ್ ಇಡುವಷ್ಟೇ ಜಾಗ, ಬೋರ್ಡಿಗೆ ಮಾತ್ರ ನಿಯಾನ್ ದೀಪ.

ಬ್ರಿಟನ್ ಸರ್ಕಾರವೂ ಹೆಸರಿನ ಹೊರೆಯಿಂದ ಪಾರಾಗಲು ನೋಡುತ್ತಿದೆ. ಈ ಸಂಸತ್ತಿನ ಅವಧಿ ಮುಗಿಯುವುದರೊಳಗೆ ಅಸೈಲಮ್ ಹೋಟೆಲ್ಲುಗಳನ್ನು ಮುಚ್ಚುವುದಾಗಿ ಮಾತು ಕೊಟ್ಟಿದೆ. 2025ರ ಅಕ್ಟೋಬರಿನಲ್ಲಿ ಬದಲಿ ಜಾಗಗಳನ್ನು ಪ್ರಕಟಿಸಿತು. ಇಂಗ್ಲೆಂಡಿನ ಕ್ರೋಬರೋದಲ್ಲಿ ಒಂದು ಸೈನಿಕ ತರಬೇತಿ ಶಿಬಿರ, ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಕ್ಯಾಮರೂನ್ ಬ್ಯಾರಕ್ಸ್, ಎರಡರಲ್ಲೂ ಸೇರಿ ಸುಮಾರು 900 ಗಂಡಸರು. ಅಲ್ಲಿನ ಓದುಗರಿಗೆ ಬ್ಯಾರಕ್ ಎಂದರೆ ಸೈನಿಕರ ವಸತಿ, ಶಿಸ್ತು, ಸರಳತೆ. ಯಾರೂ ಐಷಾರಾಮ ಎನ್ನುವಂತಿಲ್ಲ. ಇದನ್ನು ಕನ್ನಡ ಪತ್ರಿಕೆಗೆ ಸುದ್ದಿ ಮಾಡುವವನ ಕಷ್ಟ ನೋಡಿ. ನಮ್ಮಲ್ಲಿ ಬ್ಯಾರಕ್ ಎಂಬ ಪದ ದಿನಾ ಕಾಣಿಸಿಕೊಳ್ಳುವುದು ಒಂದೇ ಬಗೆಯ ವರದಿಯಲ್ಲಿ: ಆರೋಪಿಯನ್ನು ಇಂಥ ಬ್ಯಾರಕ್‌ಗೆ ಸ್ಥಳಾಂತರಿಸಲಾಯಿತು, ಪಕ್ಕದ ಬ್ಯಾರಕ್‌ನಲ್ಲಿ ಮೊಬೈಲ್ ಸಿಕ್ಕಿತು. ಜೈಲು ಯಾವುದೆಂದು ಬೇರೆ ಹೇಳಬೇಕಾಗಿಯೇ ಇಲ್ಲ, ಪರಪ್ಪನ ಅಗ್ರಹಾರ. ಒಂದು ಕಾಲಕ್ಕೆ ಅಗ್ರಹಾರವೆಂದರೆ ವೇದ ಓದಿದವರಿಗೆ ಅರಸರು ಬಿಟ್ಟುಕೊಟ್ಟ ಊರು.